ಚಿಂದಿ ಬಟ್ಟೆಯ ಮಹಾಕಾಶ್ಯಪರು

ಇಲ್ಲದವನು ಬಿಟ್ಟರೆ ಅದನ್ನು ತ್ಯಾಗವೆಂದು ಯಾರೂ ಕರೆಯುವುದಿಲ್ಲ. ಹೊಲಮನೆ, ಆಳುಕಾಳು, ಕಣಜದ ತುಂಬ ಧಾನ್ಯ ಇರುವಾಗಲೇ ಎದ್ದು ನಡೆದ ಮಹಾನುಭಾವರೊಬ್ಬರನ್ನು ನಾವಿಂದು ಸ್ಮರಿಸೋಣ. ಅವರೇ ಭಗವಾನ್ ಬುದ್ಧರ ಶಿಷ್ಯಾಗ್ರಣಿಗಳಾದ ಮಹಾಕಾಶ್ಯಪರು.

ಮಗಧ ದೇಶದ ಮಹಾತಿತ್ಥವೆಂಬ ಊರಿನ ಸಿರಿವಂತ ಬ್ರಾಹ್ಮಣರ ಮನೆಯಲ್ಲಿ ಜನಿಸಿದ ಇವರ ಮೊದಲ ಹೆಸರು ಪಿಪ್ಪಲಿ. ಮದುವೆಯ ಮಾತು ಬಂದಾಗ ತಪ್ಪಿಸಿಕೊಳ್ಳಲೆಂದು ಚಿನ್ನದ ಹೆಣ್ಣುಪ್ರತಿಮೆ ಮಾಡಿಸಿ, ಇಂಥವಳು ಸಿಕ್ಕರೆ ಮಾತ್ರ ಆಗುವೆನೆಂದರು. ಹೆತ್ತವರು ಬಿಟ್ಟಾರೆಯೇ? ಮದ್ರ ದೇಶದ ಸಾಗಲ ಪಟ್ಟಣದಲ್ಲಿ ಭದ್ರಾ ಕಾಪಿಲಾನಿ ಎಂಬ ಕನ್ಯೆ ಸಿಕ್ಕಿಯೇ ಬಿಟ್ಟಳು. ಆಕೆಗೂ ಸಂಸಾರ ಬೇಡವಾಗಿತ್ತು. ಬೇರೆ ಸಂಬಂಧ ನೋಡಿಕೊಳ್ಳಿರೆಂದು ಇಬ್ಬರೂ ಬರೆದ ಓಲೆಗಳನ್ನು ದೂತರು ದಾರಿಯಲ್ಲೇ ಓದಿ ಹರಿದೊಗೆದರು. ಮದುವೆ ನಡೆಯಿತು. ಹಾಸಿಗೆಯ ನಡುವೆ ಹೂಮಾಲೆ ಇಟ್ಟು ಮಲಗುತ್ತ ದಂಪತಿಗಳು ಬ್ರಹ್ಮಚರ್ಯ ಕಾಪಾಡಿಕೊಂಡರು.

ತಂದೆತಾಯಿ ತೀರಿದ ಮೇಲೆ ಬೇಸಾಯದ ಭಾರ ಹೆಗಲೇರಿತು. ಒಂದು ದಿನ ಪಿಪ್ಪಲಿ ಹೊಲಕ್ಕೆ ಹೋದಾಗ, ನೇಗಿಲು ಎಬ್ಬಿಸಿದ ಸಾಲಿನ ಹುಳುಗಳನ್ನು ಹಕ್ಕಿಗಳು ಹೆಕ್ಕಿ ತಿನ್ನುತ್ತಿದ್ದವು. ಈ ಪಾಪ ಯಾರದೆಂದು ಕೇಳಿದರೆ, ಒಡೆಯರದೇ ಎಂದರು ಆಳುಗಳು. ಅತ್ತ ಮನೆಯಲ್ಲಿ ಒಣಹಾಕಿದ ಎಳ್ಳಿನ ಹುಳುಗಳನ್ನು ಕಾಗೆಗಳು ತಿನ್ನುವುದನ್ನು ಕಂಡ ಭದ್ರೆಗೂ ದಾಸಿಯರಿಂದ ಅದೇ ಉತ್ತರ. ಉತ್ತು ಬಿತ್ತಿ ಬದುಕುವವರಿಗೆ ಇದು ಸುಲಭದ ಮಾತಲ್ಲ. ಭಿಕ್ಷುವಿನ ಪಾತ್ರೆಗೆ ಬೀಳುವುದೂ ಯಾರೋ ಉತ್ತು ಬೆಳೆದ ಅನ್ನವೇ. ಬೇಸಾಯವೇ ಪಾಪವೆಂದು ಈ ಕಥೆ ಹೇಳುತ್ತದೆಂದು ನಾವು ತಿಳಿಯೆವು. ಉತ್ತವನು ಆಳು, ಉಂಡವನು ಒಡೆಯ. ಹೊಣೆಯನ್ನು ಆಳಿನ ತಲೆಗೆ ಕಟ್ಟದೆ ತನ್ನದೆಂದು ಒಪ್ಪಿಕೊಂಡರಲ್ಲ, ಅದು ದೊಡ್ಡದು.

ಗಂಡಹೆಂಡತಿ ಒಬ್ಬರ ತಲೆಯನ್ನೊಬ್ಬರು ಬೋಳಿಸಿ, ದಾಸದಾಸಿಯರನ್ನು ಬಿಡುಗಡೆ ಮಾಡಿ, ಮಣ್ಣಿನ ಪಾತ್ರೆ ಹಿಡಿದು ಹೊರಟರು. ಸನ್ಯಾಸಿಗಳಾದರೂ ಜೋಡಿಯಾಗಿ ನಡೆದರೆ ಲೋಕ ತಪ್ಪು ತಿಳಿದೀತೆಂದು ಕವಲುದಾರಿಯಲ್ಲಿ ಅವರು ಬಲಕ್ಕೆ, ಆಕೆ ಎಡಕ್ಕೆ ತಿರುಗಿದರು. ಭದ್ರೆಯೂ ಮುಂದೆ ಭಿಕ್ಷುಣಿಯಾಗಿ ಅರ್ಹಂತಪದವಿಗೇರಿದಳು.

ರಾಜಗೃಹ ಮತ್ತು ನಾಲಂದಾ ನಡುವಿನ ದಾರಿಯಲ್ಲಿ ಕಾಶ್ಯಪರಿಗೆ ಗುರುದರ್ಶನವಾಯಿತು. ತಾವು ಹೊದ್ದಿದ್ದ ವಸ್ತ್ರವನ್ನು ಮಡಿಸಿ ಗುರುವಿಗೆ ಆಸನವಾಗಿ ಹಾಸಿದರು. ಅದು ಮೃದುವಾಗಿದೆಯೆಂದು ಗುರು ಮೆಚ್ಚಿದಾಗ ಅಲ್ಲೇ ಸಮರ್ಪಿಸಿದರು. ಪ್ರತಿಯಾಗಿ ದೊರೆತದ್ದು ಬುದ್ಧರು ಉಟ್ಟು ಸವೆಸಿದ ಸೆಣಬಿನ ಚಿಂದಿ ಚೀವರ. ಕಾಶ್ಯಪರಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಇರಲಿಲ್ಲ.

ಬೌದ್ಧರಲ್ಲಿ ಧುತಾಂಗಗಳೆಂಬ 13 ಕಠಿಣ ವ್ರತಗಳುಂಟು. ಎಸೆದ ಚಿಂದಿಯನ್ನೇ ಹೊಲಿದು ಉಡುವುದು, ಮನೆ ಬಿಡದೆ ಸಾಲಾಗಿ ಭಿಕ್ಷೆ ಬೇಡುವುದು, ದಿನಕ್ಕೊಮ್ಮೆ ಕುಳಿತಲ್ಲೇ ಉಣ್ಣುವುದು, ಅಡವಿಯಲ್ಲೋ ಮಸಣದಲ್ಲೋ ಇರುವುದು, ಮಲಗದೆ ಕುಳಿತೇ ರಾತ್ರಿ ಕಳೆಯುವುದು ಇತ್ಯಾದಿ. ದೇಹ ದಂಡಿಸಿದ ಮಾತ್ರಕ್ಕೆ ಮುಕ್ತಿಯಿಲ್ಲವೆಂದು ತಾವೇ ಉಪವಾಸ ಮಾಡಿ ತಿಳಿದಿದ್ದ ಬುದ್ಧರು ಇವನ್ನು ಯಾರ ಮೇಲೂ ಹೇರಲಿಲ್ಲ. ಇಂಥ ಐದು ನಿಯಮಗಳು ಎಲ್ಲರಿಗೂ ಕಡ್ಡಾಯವಾಗಲೆಂದು ದೇವದತ್ತ ಹಟ ಹಿಡಿದಾಗ ಒಪ್ಪಲಿಲ್ಲ. ಆದರೆ ಮನಸಾರೆ ನಡೆಸಿದ ಕಾಶ್ಯಪರನ್ನು ಧುತಾಂಗಧಾರಿಗಳಲ್ಲಿ ಮೊದಲಿಗರೆಂದು ಹೊಗಳಿದರು.

ಒಮ್ಮೆ ಕುಷ್ಠರೋಗಿಯೊಬ್ಬನ ಮುಂದೆ ಪಾತ್ರೆ ಹಿಡಿದರು. ಅವನು ತನ್ನ ತುತ್ತನ್ನು ಹಾಕುವಾಗ ಕೊಳೆತ ಬೆರಳೊಂದು ಕಳಚಿ ಪಾತ್ರೆಗೆ ಬಿತ್ತು. ಕಾಶ್ಯಪರು ಗೋಡೆಯ ಪಕ್ಕದಲ್ಲಿ ಕುಳಿತು ಆ ತುತ್ತನ್ನು ಉಂಡರು. ಉಣ್ಣುವಾಗಲೂ ಉಂಡ ಮೇಲೂ ಹೇಸಿಗೆ ಸುಳಿಯಲಿಲ್ಲ.

ಮುಪ್ಪಿನಲ್ಲಿ, ಆ ಒರಟು ಚಿಂದಿ ಸಾಕು, ಭಕ್ತರು ಕೊಟ್ಟ ಬಟ್ಟೆ ಉಟ್ಟು ತಮ್ಮ ಬಳಿಯಲ್ಲೇ ಇರಿರೆಂದು ಬುದ್ಧರೇ ಕರೆದರು. ಕಾಶ್ಯಪರು ವಿನಯದಿಂದ ಬೇಡವೆಂದರು. ತಮಗೆ ಇದರಲ್ಲೇ ಸುಖ, ಮುಂದಿನ ಪೀಳಿಗೆಯವರಿಗೂ ಒಂದು ಮೇಲ್ಪಂಕ್ತಿ ಇರಲೆಂಬುದು ಅವರ ಭಾವ.

ಬುದ್ಧರ ನಿರ್ವಾಣವಾದದ್ದು ಪರಂಪರೆಯ ಲೆಕ್ಕದಲ್ಲಿ ಕ್ರಿ.ಪೂ. 544, ಇತಿಹಾಸಕಾರರು ಕ್ರಿ.ಪೂ. 483 ಎಂದೋ 400ರ ಸುಮಾರೆಂದೋ ಹೇಳುತ್ತಾರೆ. ಇನ್ನು ಕಟ್ಟುಪಾಡಿಲ್ಲವೆಂದು ಮುದಿ ಭಿಕ್ಷುವೊಬ್ಬ ಹಿಗ್ಗಿದ್ದನ್ನು ಕೇಳಿ ಎಚ್ಚೆತ್ತ ಕಾಶ್ಯಪರು ರಾಜಗೃಹದಲ್ಲಿ 500 ಭಿಕ್ಷುಗಳ ಸಭೆ ಕೂಡಿಸಿದರು. ಉಪಾಲಿ ವಿನಯವನ್ನೂ ಆನಂದ ಧರ್ಮವನ್ನೂ ನೆನಪಿನಿಂದ ಒಪ್ಪಿಸಿದರು. ಬಾಯಿಪಾಠವಾಗಿ ಉಳಿದು ಅದು ಮುಂದೆ ಗ್ರಂಥಕ್ಕೇರಿತು.

ಗಯೆಯ ಕಡೆಯ ಕುಕ್ಕುಟಪಾದ ಬೆಟ್ಟದೊಳಗೆ ಅವರಿಂದಿಗೂ ಧ್ಯಾನದಲ್ಲಿದ್ದಾರೆಂದು ಉತ್ತರದ ಬೌದ್ಧರು ನಂಬುತ್ತಾರೆ. ಮುಂದೆ ಬರಲಿರುವ ಮೈತ್ರೇಯ ಬುದ್ಧನಿಗೆ ಒಪ್ಪಿಸಲು ಗುರುವಿನ ಚೀವರವನ್ನು ಕಾದಿಟ್ಟುಕೊಂಡು ಕುಳಿತಿದ್ದಾರಂತೆ.