ಪ್ಲೇಗಿನ ಸೂಜಿ ಕೊಟ್ಟ ಹಾಫ್ಕಿನ್ ಸಾಹೇಬ

ಮನೆಯೊಳಗೆ ಇಲಿ ಸತ್ತು ಬಿತ್ತೆಂದರೆ ಗಂಟುಮೂಟೆ ಕಟ್ಟಬೇಕು, ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂಡಬೇಕು. ಪ್ಲೇಗಿಗೆ ಹಿರಿಯರು ಕಂಡಿದ್ದ ಉಪಾಯ ಇದೊಂದೇ. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದವರಲ್ಲಿ ಬಹಳಷ್ಟು ಮಂದಿ ವಾರದೊಳಗೆ ಹೋಗಿಬಿಡುತ್ತಿದ್ದರು. 1898ರಲ್ಲಿ ಈ ಮಾರಿ ಹುಬ್ಬಳ್ಳಿ-ಧಾರವಾಡ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿತು. ಆಗ ಹುಬ್ಬಳ್ಳಿಯ ಜನಸಂಖ್ಯೆ 50,000ದ ಆಸುಪಾಸು. ಅದರಲ್ಲಿ 30,000ಕ್ಕೂ ಮಿಕ್ಕಿ ಮಂದಿ ಆ ವರ್ಷ ಮುಂಬೈಯಿಂದ ಬಂದ ಮದ್ದನ್ನು ತೋಳಿಗೆ ಚುಚ್ಚಿಸಿಕೊಂಡರು.

ಸರಕಾರ ಹೇಳಿತೆಂದು ತೋಳು ಚಾಚುವ ಕಾಲವಲ್ಲ ಅದು. ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಗೋರಾ ಸಿಪಾಯಿಗಳು ರೋಗಿ ಹುಡುಕುವ ನೆಪದಲ್ಲಿ ಅಡುಗೆಮನೆ, ದೇವರಮನೆ ಎನ್ನದೆ ನುಗ್ಗಿದ್ದರು. ಪ್ಲೇಗ್ ಅಧಿಕಾರಿ ರ‍್ಯಾಂಡ್ ಸಾಹೇಬನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದಿದ್ದರು. ಸೂಜಿ ಎಂದರೆ ವಿಷ, ಸೂಜಿ ಎಂದರೆ ಜಾತಿ ಕೆಡಿಸುವ ಹುನ್ನಾರ ಎಂಬ ಗಾಳಿಮಾತು ಎಲ್ಲೆಲ್ಲೂ. ಇಷ್ಟಿದ್ದೂ ಇಷ್ಟು ಮಂದಿ ಸೂಜಿಗೆ ಒಪ್ಪಿದರು. ಆ ಮದ್ದು ಮಾಡಿದ ಮನುಷ್ಯ ಯಾರು?

ಅವನು ಇಂಗ್ಲಿಷಿನವನಲ್ಲ, ಸರಿಯಾಗಿ ನೋಡಿದರೆ ಡಾಕ್ಟರೂ ಅಲ್ಲ. ವಾಲ್ಡೆಮಾರ್ ಹಾಫ್ಕಿನ್ 1860ರ ಮಾರ್ಚ್ 15ರಂದು ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಆಗ ಅದು ರಷ್ಯಾ ಚಕ್ರವರ್ತಿಯ ಊರು, ಈಗ ಯುಕ್ರೇನಿನದು. ಓದಿದ್ದು ಪ್ರಾಣಿಶಾಸ್ತ್ರ. ಯಹೂದಿಗಳ ಮೇಲೆ ದೊಂಬಿ ನಡೆದಾಗ ಎದುರು ನಿಂತು ಪೆಟ್ಟು ತಿಂದ, ಜೈಲನ್ನೂ ಕಂಡ. ಕ್ರೈಸ್ತನಾದರೆ ಯೂನಿವರ್ಸಿಟಿಯಲ್ಲಿ ಒಳ್ಳೆಯ ನೌಕರಿ ಸಿಗುತ್ತಿತ್ತು. ಒಲ್ಲೆ ಎಂದು ದೇಶ ಬಿಟ್ಟ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅವನಿಗೆ ಮೊದಲು ಸಿಕ್ಕ ಕೆಲಸ ಲೈಬ್ರರಿಯದು. ಪುಸ್ತಕ ಜೋಡಿಸುತ್ತಲೇ ಬಿಡುವು ಮಾಡಿಕೊಂಡು ಕಾಲರಾ ಕ್ರಿಮಿಯ ಬೆನ್ನು ಹತ್ತಿದ. 1892ರ ಜುಲೈ 18ರಂದು ತಾನು ತಯಾರಿಸಿದ ಕಾಲರಾ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಜ್ವರ ಬಂತು, ಇಳಿಯಿತು, ಬದುಕಿದ.

ಯುರೋಪಿನ ದೊಡ್ಡವರು ಅಷ್ಟಾಗಿ ಕಿವಿಗೊಡಲಿಲ್ಲ. 1893ರಲ್ಲಿ ಕಲಕತ್ತೆಗೆ ಬಂದ. ಅಲ್ಲಿನ ಬಸ್ತಿಗಳಲ್ಲಿ ಓಡಾಡಿದ, ಚಹಾತೋಟ, ಪಲ್ಟನ್ನು ಎನ್ನದೆ ಊರೂರು ಸುತ್ತಿದ. ಎರಡೂವರೆ ವರ್ಷದೊಳಗೆ 40,000ಕ್ಕೂ ಹೆಚ್ಚು ಮಂದಿಗೆ ಸೂಜಿ ಹಾಕಿಸಿದ. ಕಡೆಗೆ ಮಲೇರಿಯಾ ಹಿಡಿದು ಹಾಸಿಗೆ ಸೇರಿದ.

1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಸರಕಾರ ಹಾಫ್ಕಿನ್‌ನನ್ನು ಕರೆಸಿತು. ಕೊಟ್ಟದ್ದೇನು? ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಓಣಿಯಂಥ ವರಾಂಡ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲೇ ಕೆಲಸ ಶುರು. ಆಡಿನ ಮಾಂಸದ ಸಾರಿನಲ್ಲಿ ಕ್ರಿಮಿ ಬೆಳೆಸಿದ, ದನ-ಹಂದಿ ಎಂದು ಯಾರೂ ತಕರಾರು ತೆಗೆಯಬಾರದಲ್ಲ! ಸಾರಿನ ಮೇಲೆ ತುಪ್ಪದ ಹನಿ ತೇಲಿಸಿದರೆ ಕ್ರಿಮಿಗಳು ಅದಕ್ಕೆ ಜೋತುಬಿದ್ದು ಬಿಳಲಿನಂತೆ ಕೆಳಗಿಳಿದು ಬೆಳೆಯುತ್ತಿದ್ದವು. ಕಿರಾಣಿ ಅಂಗಡಿಯ ತುಪ್ಪಕ್ಕೆ ಇಂಥದೊಂದು ಉಪಯೋಗ ಉಂಟೆಂದು ಯಾವ ವ್ಯಾಪಾರಿ ಎಣಿಸಿದ್ದ? ಹೀಗೆ ಬೆಳೆದ ಕ್ರಿಮಿಯನ್ನು ಕಾಯಿಸಿ ಕೊಂದರೆ ಅದೇ ಲಸಿಕೆ. ಸತ್ತ ಕ್ರಿಮಿ ರೋಗ ತರುವುದಿಲ್ಲ, ಆದರೆ ಮೈಗೆ ವೈರಿಯ ಗುರುತು ಹಿಡಿಸುತ್ತದೆ.

1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತನಗೇ. ಮುಂದೆ ಜನಕ್ಕೆ ಕೊಟ್ಟ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚು. ಮೈ ಕೆಂಡವಾಯಿತು, ನೋವು ತಿಂದ. ಆಮೇಲೆ ತಿಂಗಳ ಕೊನೆಗೆ ಭಾಯಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಹಾಕಿದರು. ಹೆಚ್ಚುಕಮ್ಮಿ ಅರ್ಧ ಮಂದಿ ಹಾಕಿಸಿಕೊಂಡರು, ಉಳಿದರ್ಧ ಬೇಡವೆಂದರು. ರೋಗ ಬಿದ್ದವರ ಲೆಕ್ಕ ತೆಗೆದಾಗ ಬೇಡವೆಂದವರ ಕಡೆಯೇ ಹೆಚ್ಚು. ಮುಂಬೈಯ ಖೋಜಾ ಮುಸಲ್ಮಾನರಿಗೆ ಧೈರ್ಯ ಹೇಳಲು ಅವರ ಗುರು ಆಗಾ ಖಾನರು ತಾವೇ ಎದುರಿಗೆ ಚುಚ್ಚಿಸಿಕೊಂಡು ತೋರಿಸಿದರು. ಸರಕಾರದ ನೂರು ಹುಕುಮು ಮಾಡದ ಕೆಲಸವನ್ನು ಆ ಒಂದು ತೋಳು ಮಾಡಿತು. 1899ರಲ್ಲಿ ಪರೇಲಿನ ಹಳೇ ಗವರ್ನರ್ ಬಂಗಲೆಯೇ ಹಾಫ್ಕಿನ್‌ನ ಪ್ರಯೋಗಶಾಲೆಯಾಯಿತು. ಅಲ್ಲಿಂದ ಲಕ್ಷಗಟ್ಟಲೆ ಡೋಸು ದೇಶದ ಮೂಲೆಮೂಲೆಗೂ ಹೋದವು. ನೂರಕ್ಕೆ ನೂರು ಕಾಯುವ ಮದ್ದೇನೂ ಅಲ್ಲ, ಹಾಕಿಸಿಕೊಂಡವರು ಎರಡು ದಿನ ಜ್ವರದಲ್ಲಿ ನರಳುವುದೂ ಇತ್ತು. ಸಾವು ಮಾತ್ರ ಇಳಿಯಿತು.

ಇಷ್ಟು ಸಂಪಾದಿಸಿದ ಹೆಸರು ಒಂದೇ ಬಾಟಲಿಯಲ್ಲಿ ಮುಳುಗಿತು.

1902ರ ಅಕ್ಟೋಬರ್ 30. ಈಗ ಪಾಕಿಸ್ತಾನದಲ್ಲಿರುವ, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಆ ದಿನ ಸೂಜಿ ಹಾಕಿಸಿಕೊಂಡವರು 107 ಮಂದಿ. ಅವರ ಪೈಕಿ 19 ಮಂದಿಗೆ ಧನುರ್ವಾಯು ಬಡಿದು, ಎಲ್ಲರೂ ಸತ್ತರು. ಹತ್ತೊಂಬತ್ತೂ ಮಂದಿಗೆ ಕೊಟ್ಟ ಮದ್ದು 53-ಎನ್ ಎಂಬ ಒಂದೇ ಬಾಟಲಿಯದು. ಹಾಫ್ಕಿನ್ ಆ ಹಳ್ಳಿಯಲ್ಲಿ ಇರಲೇ ಇಲ್ಲ. ಆದರೂ ವಿಚಾರಣಾ ಆಯೋಗ ಬೆರಳು ತೋರಿಸಿದ್ದು ಅವನ ಪ್ರಯೋಗಶಾಲೆಯ ಕಡೆಗೆ. ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು ಕಾಯಿಸುವ ಕ್ರಮವನ್ನೇ ನಂಬಿದ್ದು ತಪ್ಪೆಂದರು. ಹುದ್ದೆ ಹೋಯಿತು, ಸಂಬಳವಿಲ್ಲದ ರಜೆ ಸಿಕ್ಕಿತು.

ಹಳ್ಳಿಯಲ್ಲಿ ನಡೆದದ್ದು ಬೇರೆಯೇ. ಬಾಟಲಿಯ ಬಿರಡೆ ಕೀಳುವ ಇಕ್ಕಳ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬಾಟಲಿ ತೆರೆದಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದೇ ಮಣ್ಣಿನಲ್ಲಿ. ಬಾಟಲಿಯಲ್ಲಿ ಮೊದಲೇ ಅದಿದ್ದರೆ ತೆರೆದಾಗ ನಾತ ಹೊಡೆಯಬೇಕಿತ್ತು, ಅಂಥ ನಾತವೇನೂ ಬಂದಿರಲಿಲ್ಲ. ಇದನ್ನೆಲ್ಲ ಲಂಡನ್ನಿನಲ್ಲಿ ಒಪ್ಪಿಸುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಮಲೇರಿಯಾ ಸೊಳ್ಳೆಯ ಗುಟ್ಟು ಬಯಲಿಗೆಳೆದ ರೊನಾಲ್ಡ್ ರಾಸ್ ಅವನ ಪರ ನಿಂತ. 1907ರ ಜುಲೈಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ಸಹಿ ಹಾಕಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಕೊನೆಗೆ ಸರಕಾರ ಅವನನ್ನು ಮತ್ತೆ ಕೆಲಸಕ್ಕೆ ಕರೆಯಿತು.

ಹೆಸರಿಗೆ ಮಾತ್ರ ನ್ಯಾಯ! ತಾನೇ ಕಟ್ಟಿದ ಪರೇಲಿನ ಪ್ರಯೋಗಶಾಲೆ ಅವನಿಗೆ ಮರಳಿ ಸಿಗಲಿಲ್ಲ. ಕಲಕತ್ತೆಯಲ್ಲಿ ಕೂಡಿಸಿದರು. ಮೊದಲಿನಂತೆ ಬಸ್ತಿಗೆ ಹೋಗಿ ಸೂಜಿ ಹಾಕುವ ಕೆಲಸ ಇಲ್ಲ, ಕಾಗದದ ಮೇಲಿನ ಸಂಶೋಧನೆ ಮಾತ್ರ. ನಿವೃತ್ತಿಯಾದದ್ದೇ ಫ್ರಾನ್ಸಿಗೆ ಹೊರಟುಹೋದ.

ಪ್ಲೇಗನ್ನು ಒಯ್ಯುವುದು ಇಲಿಯ ಮೈಮೇಲಿನ ಚಿಗಟ ಎಂಬುದು ಈ ನಡುವೆ ಗಟ್ಟಿಯಾಯಿತು. ದವಸದ ಗೋದಾಮಿನಲ್ಲಿ ಇಲಿಗೆ ಜಾಗ ಕೊಡಬಾರದೆಂಬ ಕಟ್ಟುಪಾಡು ಬಲವಾದದ್ದು ಆ ಮೇಲೆ. ಆಂಟಿಬಯೋಟಿಕ್ ಬಂದ ಮೇಲೆ ರೋಗ ಬೇಗ ಗುರುತಿಸಿದರೆ ಬದುಕಿಸಲೂ ಸಾಧ್ಯವಾಯಿತು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಎದ್ದಾಗ ಜನ ಊರು ಬಿಟ್ಟು ಓಡಿದರು, ಮೆಡಿಕಲ್ ಅಂಗಡಿಗಳಿಗೆ ಮುಗಿಬಿದ್ದದ್ದು ಸೂಜಿಗಾಗಿ ಅಲ್ಲ, ಟೆಟ್ರಾಸೈಕ್ಲಿನ್ ಮಾತ್ರೆಗಾಗಿ.

1925ರಲ್ಲಿ ಪರೇಲಿನ ಆ ಪ್ರಯೋಗಶಾಲೆಗೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಸಾಹೇಬ ಆಗ ಬದುಕಿದ್ದ, ದೂರದ ಯುರೋಪಿನಲ್ಲಿ. ಮದುವೆ-ಮಕ್ಕಳಿಲ್ಲ. ಗಳಿಸಿದ ದುಡ್ಡನ್ನು ಯಹೂದಿ ಪಾಠಶಾಲೆಗಳಿಗೆ ಬರೆದಿಟ್ಟು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ತೀರಿಕೊಂಡ.