ಪೊರೆ ತೆಗೆಸಿದರೆ ಸಾಕೇ? ಕಣ್ಣಿನೊಳಗೆ ಇಣುಕಿದ ಹೆಲ್ಮ್‌ಹೋಲ್ಟ್ಸ್

ಪೊರೆ ತೆಗೆಸಿದರೆ ಕಣ್ಣು ಮೊದಲಿನಂತಾಗುತ್ತದೆ ಎಂದು ನಾವು ನಂಬಿರುತ್ತೇವೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಯಾವಾಗಲೂ ನಿಜವಲ್ಲ. ಹಿಂದಿರುವ ರೆಟಿನಾ ಹಾಳಾಗಿದ್ದರೆ, ಪೊರೆ ಹೋದರೂ ನೋಟ ಪೂರ್ತಿ ಮರಳುವುದಿಲ್ಲ. ಆ ರೆಟಿನಾವನ್ನು ನೋಡುವ ದಾರಿ ತೋರಿಸಿದವರು ಹರ್ಮನ್ ಹೆಲ್ಮ್‌ಹೋಲ್ಟ್ಸ್.

1821ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಹುಟ್ಟಿದ ಅವರಿಗೆ ಭೌತವಿಜ್ಞಾನ ಓದುವ ಆಸೆ. ಶಾಲಾ ಮೇಷ್ಟರಾಗಿದ್ದ ತಂದೆಗೆ ಓದಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಸೇನೆಯಲ್ಲಿ ದುಡಿಯುವ ಕರಾರಿನ ಮೇಲೆ, ಸರ್ಕಾರದ ಖರ್ಚಿನಲ್ಲಿ ಬರ್ಲಿನ್‌ನಲ್ಲಿ ವೈದ್ಯಕೀಯ ಓದಿದರು. 1849ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು.

ಪಾಠಕ್ಕೆ ಸಿದ್ಧತೆ ಮಾಡುವಾಗ ಅವರನ್ನು ಕಾಡಿದ್ದು ಒಂದು ಪ್ರಶ್ನೆ: ಕಣ್ಣಿನ ಪಾಪೆ ಏಕೆ ಕಪ್ಪಾಗಿ ಕಾಣುತ್ತದೆ? ಒಳಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ನೋಡಲು ನಾವು ಬಗ್ಗಿದರೆ ನಮ್ಮ ತಲೆಯೇ ದೀಪಕ್ಕೆ ಅಡ್ಡ ಬರುತ್ತದೆ. ಹೆಲ್ಮ್‌ಹೋಲ್ಟ್ಸ್ ಗಾಜಿನ ತೆಳು ಫಲಕಗಳನ್ನು ಓರೆಯಾಗಿ ಹಿಡಿದರು. ದೀಪದ ಬೆಳಕು ಗಾಜಿಗೆ ಬಡಿದು ಕಣ್ಣೊಳಗೆ ಹೋಯಿತು. ಹಿಂದಿರುಗಿದ ಬೆಳಕನ್ನು ಅದೇ ಗಾಜಿನ ಮೂಲಕ ನೋಡಿದರು. ಜೀವಂತ ಕಣ್ಣಿನ ರೆಟಿನಾ, ಅದರ ರಕ್ತನಾಳಗಳು ಕಂಡವು. 1851ರಲ್ಲಿ ಈ ಉಪಕರಣದ ವಿವರ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ವಿಯೆನ್ನಾದ ವೈದ್ಯ ಎಡ್ವರ್ಡ್ ಯೇಗರ್ ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿ ಬದಲಾವಣೆಗಳನ್ನು ಗುರುತಿಸಿದರು.

ಹೆಲ್ಮ್‌ಹೋಲ್ಟ್ಸ್ ಮಾತ್ರ ತಮ್ಮ ಮೊದಲ ಪ್ರೀತಿಗೆ ಮರಳಿದರು. 1871ರಲ್ಲಿ ಬರ್ಲಿನ್‌ನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ, 1894ರಲ್ಲಿ ತೀರಿಕೊಂಡರು.

ಅವರು ತೆರೆದ ಕಿಟಕಿಯನ್ನು ದಟ್ಟ ಪೊರೆ ಮುಚ್ಚಿಬಿಡುತ್ತದೆ. ರೋಗಿಗೆ ಹೊರಗಿನದು ಕಾಣದು, ವೈದ್ಯರಿಗೆ ಒಳಗಿನದು ಕಾಣದು. ಆದ್ದರಿಂದಲೇ ಕಣ್ಣೊಳಗೆ ರಕ್ತ ಸೋರಿದ್ದರೆ ಅಥವಾ ರೆಟಿನಾ ಎಳೆದುಕೊಂಡಿದ್ದರೆ, ಕೆಲವರಿಗೆ ಎರಡು ಶಸ್ತ್ರಚಿಕಿತ್ಸೆಗಳನ್ನು ಒಟ್ಟಿಗೆ ಮಾಡುತ್ತಾರೆ. ಮೊದಲು ಪೊರೆ ತೆಗೆಯುತ್ತಾರೆ. ದಾರಿ ತಿಳಿಯಾದ ಮೇಲೆ ಒಳಗಿನ ಲೋಳೆಯಂಥ ವಿಟ್ರಿಯಸ್ ತೆಗೆದು ರೆಟಿನಾ ಸರಿಪಡಿಸುತ್ತಾರೆ. ವಿಟ್ರಿಯಸ್ ತೆಗೆದ ಕಣ್ಣಿನಲ್ಲಿ ಪೊರೆ ಬೇಗ ಬೆಳೆಯುವುದರಿಂದ, ಮತ್ತೊಂದು ಶಸ್ತ್ರಚಿಕಿತ್ಸೆಯೂ ತಪ್ಪುತ್ತದೆ. ಆದರೆ ಒಟ್ಟಿಗೆ ಮಾಡಿದಾಗ ಕಣ್ಣಿನ ಉರಿಯೂತ ಹೆಚ್ಚಬಹುದು. ಎಲ್ಲರಿಗೂ ಇದು ಹೊಂದುವುದಿಲ್ಲ.

ಸಕ್ಕರೆ ಕಾಯಿಲೆ ರೆಟಿನಾವನ್ನು ಕೆಡಿಸುವಾಗ ಆರಂಭದಲ್ಲಿ ನೋವಿರುವುದಿಲ್ಲ, ನೋಟವೂ ಮಂಜಾಗದಿರಬಹುದು. ಪೊರೆ ಬಲಿಯಲಿ ಎಂದು ಕಾಯುತ್ತಾ ಕೂರುವುದು ಬೇಡ. ವರ್ಷಕ್ಕೊಮ್ಮೆಯಾದರೂ ರೆಟಿನಾ ಪರೀಕ್ಷೆ ಮಾಡಿಸೋಣ. ಪೊರೆ ತೆಗೆಸುವ ಮುನ್ನ ರೆಟಿನಾ ಹೇಗಿದೆ ಎಂದು ವೈದ್ಯರನ್ನು ಕೇಳೋಣ.