ಅಲೆಕ್ಸಾಂಡರ್ ಗ್ರಹಾಂ ಬೆಲ್: ಮನೆಯವರಿಗೇ ಕೇಳಿಸದ ಕರೆ

ಹೊರನಾಡಿನಲ್ಲಿ ಬೇರೂರಿದ ನಮ್ಮ ತಲೆಮಾರಿನ ಕನ್ನಡಿಗರಿಗೆ ಟ್ರಂಕ್ ಕಾಲ್ ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಝಲ್ಲೆನ್ನುತ್ತಿದ್ದ ಕಾಲವೊಂದಿತ್ತು. ಊರಿನಿಂದ ಅಂಥ ಕರೆ ಬಂದಿತೆಂದರೆ ಅದು ಮಗು ಹುಟ್ಟಿದ ಸುದ್ದಿಯಾಗಿರಬೇಕು, ಇಲ್ಲವೆ ಹಿರಿಯರೊಬ್ಬರು ತೀರಿಕೊಂಡ ಸುದ್ದಿಯಾಗಿರಬೇಕು. ಉಳಿದ ಕ್ಷೇಮಸಮಾಚಾರಕ್ಕೆಲ್ಲ ಇನ್‌ಲ್ಯಾಂಡ್ ಪತ್ರವೇ ಸಾಕಾಗುತ್ತಿತ್ತು. ಆಮೇಲೆ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ದರ ಇಳಿಯುವುದನ್ನೇ ಕಾದು, ಗಾಜಿನ ಗೂಡಿನೊಳಗೆ ನಿಂತು, ಮೀಟರಿನ ಕೆಂಪು ಅಂಕಿಗಳ ಮೇಲೆ ಒಂದು ಕಣ್ಣಿಟ್ಟು, ಅಮ್ಮನ ಸ್ವರವನ್ನು ಕೇಳಿ ಮನೆಗೆ ಮರಳುತ್ತಿದ್ದೆವು. ಇಂದು ಅಂಗೈಯಗಲದ ಯಂತ್ರದಲ್ಲಿ ಊರಿನ ಅಜ್ಜಿಯ ಮುಖವನ್ನೇ ಕಾಣುತ್ತೇವೆ. ಇಷ್ಟೆಲ್ಲಕ್ಕೂ ಮೂಲವಾದ ದೂರವಾಣಿಯನ್ನು ಲೋಕಕ್ಕೆ ಕೊಟ್ಟ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರನ್ನು ಶಾಲೆಯ ಪಾಠಗಳಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೆ ಅವರ ತಾಯಿಗೆ ಕಿವಿ ಮಂದವಾಗಿತ್ತು, ಮಡದಿಗೆ ಶ್ರವಣಶಕ್ತಿಯೇ ಇರಲಿಲ್ಲ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಜಗತ್ತಿಗೆಲ್ಲ ಕರೆಯ ಸೌಭಾಗ್ಯವನ್ನು ನೀಡಿದವರು ತಮ್ಮ ಅತ್ಯಂತ ಪ್ರೀತಿಪಾತ್ರರಿಗೆ ಅದನ್ನು ನೀಡಲಾರದೆ ಹೋದರು. ಅವರ ಜೀವನವನ್ನು ಈ ದೃಷ್ಟಿಯಿಂದ ಒಮ್ಮೆ ನೋಡುವುದು ಉಚಿತವೆಂದು ನಮಗೆ ತೋರಿತು.

ಬೆಲ್ ಅವರು 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ಸ್ಪಷ್ಟ ಉಚ್ಚಾರಣೆಯನ್ನು ಕಲಿಸುವುದೇ ಆ ಮನೆತನದ ವೃತ್ತಿ. ಅಜ್ಜ ಲಂಡನ್ನಿನಲ್ಲಿ ಅದೇ ವಿದ್ಯೆಯನ್ನು ಬೋಧಿಸುತ್ತಿದ್ದರು. ತಂದೆ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಅವರು ವಿಸಿಬಲ್ ಸ್ಪೀಚ್ ಎಂಬ ಲಿಪಿಯೊಂದನ್ನು ರೂಪಿಸಿದರು. ಯಾವ ಧ್ವನಿಯನ್ನು ಹೊರಡಿಸುವಾಗ ನಾಲಿಗೆ, ತುಟಿ, ಗಂಟಲುಗಳು ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ಆ ಲಿಪಿಯ ಚಿಹ್ನೆಗಳು ತೋರಿಸುತ್ತಿದ್ದವು. ಕ ವರ್ಗದ ಅಕ್ಷರಗಳು ಕಂಠದಿಂದಲೂ ಪ ವರ್ಗದವು ತುಟಿಗಳಿಂದಲೂ ಹುಟ್ಟುತ್ತವೆಂದು ವರ್ಣಮಾಲೆಯ ಜೊತೆಯಲ್ಲೇ ಕಲಿತ ನಮಗೆ ಈ ವಿಚಾರ ಅಪರಿಚಿತವೆನಿಸುವುದಿಲ್ಲ.

ತಾಯಿ ಎಲೈಜಾ ಅವರು ಚಿತ್ರಕಲಾವಿದೆ. ಕಿವಿ ಬಹುಮಟ್ಟಿಗೆ ಕೇಳಿಸದಿದ್ದರೂ ಪಿಯಾನೋ ನುಡಿಸುತ್ತಿದ್ದ ಧೀಮಂತೆ. ಉಳಿದವರು ಅವರೊಡನೆ ಶ್ರವಣನಳಿಕೆಯ ಮೂಲಕ ಗಟ್ಟಿಯಾಗಿ ಕೂಗಿ ಮಾತನಾಡುತ್ತಿದ್ದರೆ, ಬಾಲಕ ಬೆಲ್ ಮಾತ್ರ ತಾಯಿಯ ಹಣೆಯ ಸಮೀಪಕ್ಕೆ ಬಾಯಿಯನ್ನು ತಂದು ತಗ್ಗಿದ ಸ್ವರದಲ್ಲಿ ಮಾತನಾಡುತ್ತಿದ್ದನು. ಧ್ವನಿಯ ಕಂಪನ ಎಲುಬಿನ ಮೂಲಕ ತಾಯಿಯನ್ನು ಮುಟ್ಟುತ್ತದೆಂಬುದು ಅವನು ಕಂಡುಕೊಂಡ ಉಪಾಯ. ಮನೆಗೆ ಬಂದವರು ಹರಟುತ್ತಿರುವಾಗ ತಾಯಿಯ ಪಕ್ಕದಲ್ಲಿ ಕುಳಿತು, ಬೆರಳುಗಳಿಂದ ಅಕ್ಷರಗಳನ್ನು ಸೂಚಿಸುತ್ತ, ಎಲ್ಲರ ಮಾತನ್ನೂ ಆಕೆಗೆ ತಲುಪಿಸುತ್ತಿದ್ದನು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸವನ್ನು ಬೆಲ್ ಅವರು ಆರಂಭಿಸಿದ್ದು ಹೀಗೆ, ತಾಯಿಯ ಮಗ್ಗುಲಲ್ಲಿ.

ಆ ಕಾಲದಲ್ಲಿ ಕ್ಷಯರೋಗಕ್ಕೆ ಮದ್ದಿರಲಿಲ್ಲ. 1867ರಲ್ಲಿ ತಮ್ಮ ಎಡ್ವರ್ಡ್, 1870ರಲ್ಲಿ ಅಣ್ಣ ಮೆಲ್ವಿಲ್ ಆ ರೋಗಕ್ಕೆ ಬಲಿಯಾದರು. ಉಳಿದ ಒಬ್ಬನೇ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿಗಳು ಹುಟ್ಟಿದ ನಾಡನ್ನು ತೊರೆದು, ಅದೇ 1870ರಲ್ಲಿ ಕೆನಡಾ ದೇಶದ ಬ್ರಾಂಟ್‌ಫರ್ಡ್ ಎಂಬ ಊರಿನ ಬಳಿ ನೆಲೆಸಿದರು. ಮರುವರ್ಷ ಬೆಲ್ ಅವರು ಅಮೆರಿಕದ ಬಾಸ್ಟನ್ ನಗರಕ್ಕೆ ತೆರಳಿ, ಕಿವುಡ ಮಕ್ಕಳಿಗೆ ಮಾತು ಕಲಿಸುವ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡರು. 1873ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಹಗಲು ಪಾಠ, ರಾತ್ರಿ ಪ್ರಯೋಗ. ಇದು ಅವರ ದಿನಚರಿಯಾಯಿತು.

ಅವರ ಶಿಷ್ಯರಲ್ಲಿ ಮೇಬಲ್ ಹಬ್ಬರ್ಡ್ ಎಂಬ ತರುಣಿಯೊಬ್ಬಳಿದ್ದಳು. ಐದು ವರ್ಷದವಳಾಗಿದ್ದಾಗ ಬಂದ ಕೆಂಜ್ವರ ಆಕೆಯ ಶ್ರವಣಶಕ್ತಿಯನ್ನು ಸಂಪೂರ್ಣವಾಗಿ ಅಪಹರಿಸಿತ್ತು. ತುಟಿಗಳ ಚಲನೆಯನ್ನು ನೋಡಿಯೇ ಮಾತನ್ನು ಗ್ರಹಿಸುವುದರಲ್ಲಿ ಆಕೆ ನಿಪುಣೆ. ತನಗಿಂತ ಹತ್ತು ವರ್ಷ ಹಿರಿಯನಾದ ಗುರುವಿನ ವಿಷಯದಲ್ಲಿ ಮೊದಲು ಆಕೆಗೆ ಅಂತಹ ಒಲವೇನೂ ಇರಲಿಲ್ಲ. ಕ್ರಮೇಣ ಸ್ನೇಹ ಬೆಳೆದು, 1875ರ ನವೆಂಬರಿನಲ್ಲಿ ಇಬ್ಬರಿಗೂ ವಿವಾಹ ನಿಶ್ಚಯವಾಯಿತು. ಮೇಬಲ್ ಅವರ ತಂದೆ, ವಕೀಲರಾಗಿದ್ದ ಗಾರ್ಡಿನರ್ ಹಬ್ಬರ್ಡ್ ಅವರೂ, ಮತ್ತೊಬ್ಬ ಶಿಷ್ಯನ ತಂದೆ, ಚರ್ಮದ ವ್ಯಾಪಾರಿ ಥಾಮಸ್ ಸ್ಯಾಂಡರ್ಸ್ ಅವರೂ ಬೆಲ್ ಅವರ ಪ್ರಯೋಗಗಳಿಗೆ ಹಣ ಒದಗಿಸಿದರು. ಹೀಗೆ ದೂರವಾಣಿಗೆ ಬಂಡವಾಳ ಹೂಡಿದವರಿಬ್ಬರೂ ಕಿವಿ ಕೇಳದ ಮಕ್ಕಳ ತಂದೆಯರೇ ಆಗಿದ್ದರು.

ಆ ಹಣ ದೊರೆತದ್ದು ಮಾತಿನ ಯಂತ್ರಕ್ಕಲ್ಲ, ಒಂದೇ ತಂತಿಯಲ್ಲಿ ಏಕಕಾಲಕ್ಕೆ ಹಲವು ತಂತಿವಾರ್ತೆಗಳನ್ನು ಕಳುಹಿಸುವ ಸಾಧನಕ್ಕೆ. 1875ರ ಜೂನ್ 2ರಂದು, ಸಹಾಯಕ ಥಾಮಸ್ ವಾಟ್ಸನ್ ಅವರು ಸಿಕ್ಕಿಕೊಂಡಿದ್ದ ಉಕ್ಕಿನ ಪಟ್ಟಿಯೊಂದನ್ನು ಬೆರಳಿನಿಂದ ಮೀಟಿದಾಗ, ಅದರ ನಾದ ತಂತಿಯ ಮೂಲಕ ಇನ್ನೊಂದು ಕೋಣೆಯಲ್ಲಿದ್ದ ಬೆಲ್ ಅವರ ಕಿವಿಗೆ ಯಥಾವತ್ತಾಗಿ ಬಂದಿತು. ನಾದ ಹೋಗುವುದಾದರೆ ಮಾತೂ ಹೋಗಬಲ್ಲುದೆಂದು ಅವರಿಗೆ ಆ ಕ್ಷಣ ಮನವರಿಕೆಯಾಯಿತು. ಧ್ವನಿಯ ಅಲೆಗೆ ತಕ್ಕಂತೆ ವಿದ್ಯುತ್ತಿನ ಪ್ರವಾಹವೂ ಏರಿಳಿಯಬೇಕು, ಆ ಏರಿಳಿತವು ಆಚೆಯ ತುದಿಯಲ್ಲಿ ತೆಳುವಾದ ತಗಡನ್ನು ಕಂಪಿಸಿ ಮತ್ತೆ ಧ್ವನಿಯಾಗಬೇಕು ಎಂಬುದೇ ಅವರ ತತ್ತ್ವ. 1876ರ ಮಾರ್ಚ್ 7ರಂದು ಅವರಿಗೆ ಪೇಟೆಂಟ್ ದೊರೆಯಿತು. ಮೂರೇ ದಿನಗಳ ತರುವಾಯ, ಮಾರ್ಚ್ 10ರಂದು, ಪಕ್ಕದ ಕೋಣೆಯಲ್ಲಿದ್ದ ವಾಟ್ಸನ್ ಅವರನ್ನು ಬೆಲ್ ಅವರು ಯಂತ್ರದ ಮೂಲಕ ತಮ್ಮ ಬಳಿಗೆ ಬರುವಂತೆ ಕರೆದರು. ವಾಟ್ಸನ್ ಓಡಿ ಬಂದರು. ಜಗತ್ತಿನ ಮೊದಲ ದೂರವಾಣಿ ಕರೆ ಬೇರೇನೂ ಅಲ್ಲ, ಒಬ್ಬ ಮನುಷ್ಯ ಇನ್ನೊಬ್ಬನನ್ನು ಹತ್ತಿರಕ್ಕೆ ಕರೆದದ್ದು.

ಅದೇ ವರ್ಷ ಫಿಲಡೆಲ್ಫಿಯಾ ನಗರದಲ್ಲಿ ಅಮೆರಿಕದ ಶತಮಾನೋತ್ಸವದ ಮಹಾಪ್ರದರ್ಶನ ನಡೆಯಿತು. ಶಿಷ್ಯರ ಪರೀಕ್ಷೆಯ ಸಮಯವಾದ್ದರಿಂದ ಬೆಲ್ ಅವರಿಗೆ ಹೊರಡಲು ಮನಸ್ಸಿರಲಿಲ್ಲ. ಮೇಬಲ್ ಅವರು ಅವರನ್ನು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಬೆಲ್ ಅವರು ವಾದಕ್ಕಿಳಿದಾಗ ಮುಖವನ್ನು ಅತ್ತ ತಿರುಗಿಸಿಬಿಟ್ಟರೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ತುಟಿಗಳನ್ನು ನೋಡದವರೊಡನೆ ವಾದಿಸುವುದು ಹೇಗೆ? ಬೆಲ್ ಅವರು ರೈಲು ಹತ್ತಿದರು. ಜೂನ್ 25ರಂದು ಬ್ರೆಜಿಲ್ ದೇಶದ ಚಕ್ರವರ್ತಿ ಎರಡನೆಯ ಡಾಮ್ ಪೆಡ್ರೋ ಅವರೂ ವಿಜ್ಞಾನಿ ವಿಲಿಯಂ ಥಾಮ್ಸನ್ ಅವರೂ ಆ ಯಂತ್ರಕ್ಕೆ ಕಿವಿಗೊಟ್ಟು ಬೆರಗಾದರು. ಮರೆಯಲ್ಲಿದ್ದ ಆವಿಷ್ಕಾರ ಅಂದು ಲೋಕದ ಕಣ್ಣಿಗೆ ಬಿದ್ದಿತು. ದೂರವಾಣಿಯನ್ನು ಎಂದಿಗೂ ಕೇಳಲಾಗದ ಹೆಣ್ಣುಮಗಳೊಬ್ಬಳ ಹಟದಿಂದ ಅದಕ್ಕೆ ಕೀರ್ತಿ ಬಂದಿತೆಂಬುದು ಸ್ಮರಣೀಯ.

1877ರ ಜುಲೈ 9ರಂದು ಬೆಲ್ ಟೆಲಿಫೋನ್ ಕಂಪನಿ ಸ್ಥಾಪನೆಯಾಯಿತು. ಎರಡು ದಿನಗಳ ನಂತರ ವಿವಾಹ. ತಮ್ಮ ಪಾಲಿಗೆ ಬಂದ 1,497 ಷೇರುಗಳಲ್ಲಿ ಹತ್ತನ್ನು ಮಾತ್ರ ಉಳಿಸಿಕೊಂಡು ಮಿಕ್ಕೆಲ್ಲವನ್ನೂ ಬೆಲ್ ಅವರು ಮಡದಿಗೆ ಉಡುಗೊರೆಯಾಗಿ ಕೊಟ್ಟರು. ನಾಮನಿರ್ದೇಶನದ ನಮೂನೆಯಲ್ಲಿ ಹೆಂಡತಿಯ ಹೆಸರನ್ನು ಬರೆಯಲೂ ಹಿಂದೆಮುಂದೆ ನೋಡುವವರನ್ನು ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಕಂಡಿರುವ ನಮಗೆ ಈ ಸಂಗತಿ ವಿಶೇಷವಾಗಿ ತೋರುತ್ತದೆ.

ಆವಿಷ್ಕಾರದ ಕೀರ್ತಿ ನಿರ್ವಿವಾದವಾಗಿ ದಕ್ಕಲಿಲ್ಲ. ಬೆಲ್ ಅವರ ಅರ್ಜಿ ಸಲ್ಲಿಕೆಯಾದ 1876ರ ಫೆಬ್ರವರಿ 14ರಂದೇ ಎಲೈಷಾ ಗ್ರೇ ಎಂಬ ಸಂಶೋಧಕರೂ ಅದೇ ಬಗೆಯ ಸಾಧನದ ವಿವರವನ್ನು ಪೇಟೆಂಟ್ ಕಚೇರಿಗೆ ಸಲ್ಲಿಸಿದ್ದರು. ಇಟಲಿಯ ಅಂಟೋನಿಯೋ ಮೆಯುಚ್ಚಿ ಅವರೂ ಇದಕ್ಕೆ ಮುಂಚೆಯೇ ಇಂಥ ಪ್ರಯೋಗಗಳನ್ನು ನಡೆಸಿದ್ದರು. ಅವರ ಶ್ರಮವನ್ನು ಗೌರವಿಸಿ ಅಮೆರಿಕದ ಪ್ರತಿನಿಧಿ ಸಭೆ 2002ರಲ್ಲಿ ನಿರ್ಣಯವನ್ನು ಅಂಗೀಕರಿಸಿತು. ಹಲವಾರು ವ್ಯಾಜ್ಯಗಳ ಬಳಿಕ 1888ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೆಲ್ ಅವರ ಪೇಟೆಂಟನ್ನು ಎತ್ತಿಹಿಡಿಯಿತು.

ಈ ತಂತಿ ನಮ್ಮ ದೇಶವನ್ನು ತಲುಪಲು ಬಹಳ ಕಾಲ ಹಿಡಿಯಲಿಲ್ಲ. 1882ರಲ್ಲೇ ಕಲಕತ್ತ, ಮುಂಬಯಿ, ಮದರಾಸು ನಗರಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಆರಂಭವಾದವು. ಆದರೆ ಹಳ್ಳಿಗಳಿಗೆ ಅದು ತಲುಪಲು ಇನ್ನೂ ಒಂದು ಶತಮಾನ ಬೇಕಾಯಿತು. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ಥಾಪನೆಯಾಯಿತು. ಮಹಾನಗರಗಳಲ್ಲಿದ್ದ ನಾವು ಊರಿನ ಮನೆಯವರೊಡನೆ ವಾರಕ್ಕೊಮ್ಮೆಯಾದರೂ ಮಾತನಾಡುವಂತಾದದ್ದು ಆ ಬಳಿಕವೇ.

ಬೆಲ್ ಅವರ ಮನೆಯಲ್ಲಿ ದೂರವಾಣಿಗೆ ದೊರೆತ ಸ್ಥಾನ ಕುತೂಹಲಕರವಾದುದು. ತಮ್ಮ ಅಧ್ಯಯನದ ಕೊಠಡಿಯಲ್ಲಿ ಅವರು ಅದನ್ನು ಇರಿಸಿಕೊಳ್ಳಲಿಲ್ಲ. ಏಕಾಗ್ರತೆಗೆ ಅದು ಭಂಗ ತರುತ್ತದೆಂಬುದು ಅವರ ಭಾವನೆ. ಪರಸ್ಪರ ದೂರದಲ್ಲಿದ್ದಾಗ ದಂಪತಿಗಳು ಪತ್ರಗಳನ್ನು ಬರೆದುಕೊಳ್ಳುತ್ತಿದ್ದರು. ಆ ಪತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಜೊತೆಯಲ್ಲಿದ್ದಾಗ ಬೆಲ್ ಅವರು ಮಡದಿಯ ಕಡೆಗೆ ಮುಖವಿಟ್ಟೇ ಮಾತನಾಡಬೇಕಿತ್ತು. ಬೆಳಕಿಲ್ಲದೆಡೆ ಮಾತಿಲ್ಲ, ಮುಖ ನೋಡದೆ ಮಾತಿಲ್ಲ. ಕೈಯಲ್ಲಿ ಫೋನು, ಕಣ್ಣು ಟೀವಿಯ ಮೇಲೆ, ಬಾಯಿಯಲ್ಲಿ ಹೂಂಗುಟ್ಟುವಿಕೆ ಎಂಬ ರೀತಿಯ ಸಂಭಾಷಣೆ ಅವರ ಮನೆಯಲ್ಲಿ ಸಾಧ್ಯವೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಅವರ ಜೀವನದ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ಫ್ರಾನ್ಸ್ ದೇಶದಿಂದ 1880ರಲ್ಲಿ ದೊರೆತ ವೋಲ್ಟಾ ಬಹುಮಾನದ 50,000 ಫ್ರಾಂಕುಗಳನ್ನು ಅವರು ಸಂಶೋಧನೆಗೇ ವಿನಿಯೋಗಿಸಿದರು. ಕಿವುಡರ ಶಿಕ್ಷಣಕ್ಕಾಗಿ ತಮ್ಮ ಆಯುಷ್ಯವನ್ನೂ ಧಾರಾಳವಾಗಿ ವ್ಯಯಿಸಿದರು. ಕಣ್ಣು ಕಿವಿಗಳೆರಡೂ ಇಲ್ಲದ ಬಾಲಕಿ ಹೆಲೆನ್ ಕೆಲ್ಲರ್‌ಗೆ ಶಿಕ್ಷಣದ ದಾರಿ ತೋರಿದವರೂ ಅವರೇ. ಆಕೆ 1903ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯನ್ನು ಅವರಿಗೆ ಅರ್ಪಿಸಿದಳು. ಆದರೆ ಕಿವುಡರು ತುಟಿಚಲನೆಯನ್ನು ಓದಿ ಬಾಯಿಂದಲೇ ಮಾತನಾಡಬೇಕು, ಶಾಲೆಗಳಲ್ಲಿ ಸಂಜ್ಞಾಭಾಷೆ ಇರಬಾರದು ಎಂದು ಅವರು ಬಲವಾಗಿ ಪ್ರತಿಪಾದಿಸಿದರು. ಕಿವುಡರು ತಮ್ಮತಮ್ಮಲ್ಲೇ ವಿವಾಹವಾಗುವುದನ್ನು ನಿರುತ್ಸಾಹಗೊಳಿಸಬೇಕೆಂಬ ಅಭಿಪ್ರಾಯದ ಪ್ರಬಂಧವನ್ನು 1883ರಲ್ಲಿ ಮಂಡಿಸಿದರು. ಕಿವುಡರ ಶಿಕ್ಷಣವನ್ನು ಕುರಿತು 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಸಮ್ಮೇಳನವೂ ಸಂಜ್ಞಾಭಾಷೆಗೆ ವಿರುದ್ಧವಾಗಿಯೇ ನಿರ್ಣಯಿಸಿತ್ತು. ಇದರ ಫಲವಾಗಿ ಎಷ್ಟೋ ಮಕ್ಕಳು ತಮ್ಮ ಕೈಗಳ ಸಹಜ ಭಾಷೆಯನ್ನು ಬಳಸಲು ಅಂಜುತ್ತ ಬೆಳೆದರು. 2010ರಲ್ಲಿ ವ್ಯಾಂಕೂವರ್ ನಗರದಲ್ಲಿ ನಡೆದ ಸಮ್ಮೇಳನ ಆ ಹಳೆಯ ನಿರ್ಣಯಕ್ಕಾಗಿ ವಿಷಾದ ವ್ಯಕ್ತಪಡಿಸಿತು.

ಅನ್ಯಭಾಷೆಯ ನಗರದಲ್ಲಿ ಮಕ್ಕಳನ್ನು ಬೆಳೆಸಿದ ನಮಗೆ ಈ ನೋವು ದೂರದ್ದಲ್ಲ. ನಮ್ಮ ಮಕ್ಕಳು ಶಾಲೆಯ ಭಾಷೆಯನ್ನು ಚೆನ್ನಾಗಿ ಕಲಿಯಲೆಂದು ಮನೆಯಲ್ಲಿ ಕನ್ನಡವನ್ನು ಬದಿಗಿರಿಸಿದವರು ನಮ್ಮಲ್ಲೂ ಇದ್ದಾರೆ. ಅವರ ಉದ್ದೇಶ ಒಳ್ಳೆಯದೇ ಆಗಿತ್ತು, ಬೆಲ್ ಅವರದ್ದೂ ಒಳ್ಳೆಯದೇ. ಪರಿಣಾಮವನ್ನು ಮಾತ್ರ ಭಾನುವಾರದ ಫೋನಿನಲ್ಲಿ ಕಾಣುತ್ತೇವೆ. ಊರಿನ ಅಜ್ಜಿ ಏನೋ ಕೇಳುತ್ತಾರೆ, ಮೊಮ್ಮಗ ಉತ್ತರ ತೋಚದೆ ಫೋನನ್ನು ತಾಯಿಯ ಕೈಗೆ ಕೊಡುತ್ತಾನೆ. ತಂತಿ ಸರಿಯಾಗಿದೆ, ಧ್ವನಿ ಸ್ಪಷ್ಟವಾಗಿದೆ. ಸಂಪರ್ಕ ಮಾತ್ರ ಇಲ್ಲ.

1915ರ ಜನವರಿ 25ರಂದು ಅಮೆರಿಕದ ಪೂರ್ವದಿಂದ ಪಶ್ಚಿಮ ಕರಾವಳಿಗೆ ಮೊದಲ ಅಧಿಕೃತ ಕರೆ ನಡೆಯಿತು. ನ್ಯೂಯಾರ್ಕಿನಲ್ಲಿದ್ದ ಬೆಲ್ ಅವರು ತಮ್ಮ ಹಳೆಯ ಕರೆಯನ್ನೇ ಪುನಃ ಹೇಳಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ವಾಟ್ಸನ್, ಈ ಸಲ ಬರಬೇಕಾದರೆ ತಮಗೆ ಒಂದು ವಾರ ಹಿಡಿಯುತ್ತದೆಂದು ನಗುತ್ತ ಉತ್ತರಿಸಿದರು.

1922ರ ಆಗಸ್ಟ್ 2ರಂದು, ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಬ್ಯಾಡೆಕ್ ಬಳಿಯ ತಮ್ಮ ಮನೆಯಲ್ಲಿ, ಎಪ್ಪತ್ತೈದನೆಯ ವಯಸ್ಸಿನಲ್ಲಿ ಬೆಲ್ ಅವರು ಕೊನೆಯುಸಿರೆಳೆದರು. ತಮ್ಮನ್ನು ಬಿಟ್ಟು ಹೋಗಬೇಡಿರೆಂದು ಮೇಬಲ್ ಅವರು ಬೇಡಿಕೊಂಡಾಗ, ಮಾತು ನಿಂತುಹೋಗಿದ್ದ ಬೆಲ್ ಅವರು ಬೆರಳುಗಳ ಸಂಜ್ಞೆಯಿಂದ ಇಲ್ಲವೆಂದು ಸೂಚಿಸಿದರೆಂದು ಹೇಳಲಾಗುತ್ತದೆ. ಶಾಲೆಗಳಲ್ಲಿ ಬೇಡವೆಂದ ಭಾಷೆಯೇ ಕೊನೆಯ ಗಳಿಗೆಯಲ್ಲಿ ಅವರ ನೆರವಿಗೆ ಬಂದಿತು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ದೂರವಾಣಿಗಳೆಲ್ಲವೂ ಒಂದು ನಿಮಿಷ ಮೌನವಾದವು. ಐದು ತಿಂಗಳ ಬಳಿಕ, 1923ರ ಜನವರಿ 3ರಂದು, ಮೇಬಲ್ ಅವರೂ ಪತಿಯನ್ನು ಹಿಂಬಾಲಿಸಿದರು.

ಇಂದು ಶ್ರವಣಶಕ್ತಿ ಇಲ್ಲದ ಮಕ್ಕಳು ಮೊಬೈಲಿನ ತೆರೆಯ ಮುಂದೆ ಕುಳಿತು ದೂರದ ಗೆಳೆಯರೊಡನೆ ಕೈಗಳಿಂದ ಮಾತನಾಡುವುದನ್ನು ನಾವು ಲೋಕಲ್ ರೈಲಿನಲ್ಲಿಯೂ ಕಾಣುತ್ತೇವೆ. ಬೆಲ್ ಅವರ ಯಂತ್ರ ಅಂತೂ ಅವರ ತಾಯಿಯಂಥವರನ್ನೂ ಮಡದಿಯಂಥವರನ್ನೂ ತಲುಪಿತು, ಅವರದೇ ಭಾಷೆಯನ್ನು ಒಪ್ಪಿಕೊಂಡು ತಲುಪಿತು. ಮುಂದಿನ ಭಾನುವಾರ ಊರಿಗೆ ಫೋನು ಮಾಡುವಾಗ, ಎಡಿನ್‌ಬರೋದ ಮನೆಯಲ್ಲಿ ತಾಯಿಯ ಹಣೆಯ ಬಳಿ ಬಾಗಿ ಮೆಲುದನಿಯಲ್ಲಿ ಮಾತನಾಡುತ್ತಿದ್ದ ಆ ಹುಡುಗನನ್ನು ನಾವೊಮ್ಮೆ ನೆನೆಯೋಣ. ಪಕ್ಕದಲ್ಲಿ ಕುಳಿತು, ಅಜ್ಜಿಯ ಮಾತನ್ನು ಮೊಮ್ಮಗನಿಗೂ ಮೊಮ್ಮಗನ ಮಾತನ್ನು ಅಜ್ಜಿಗೂ ಮುಟ್ಟಿಸುತ್ತ, ನಡುವೆ ನಾಲ್ಕು ಕನ್ನಡ ಮಾತುಗಳನ್ನು ಅವನಿಗೆ ಕಲಿಸಿದರೆ, ಆ ಕರೆ ನಿಜವಾಗಿಯೂ ತಲುಪಬೇಕಾದಲ್ಲಿಗೆ ತಲುಪೀತು.